ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್: ಸೇರುವ ಮುಂಚೆ ಏನೇನು ನೋಡಬೇಕು?

ಸೌಪರ್ಣಿಕಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಒರ್ಲ್ಯಾಂಡೊದಲ್ಲಿ. ನನ್ನದು ಎಚ್-4 ವೀಸಾ (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವಂಥದ್ದು), ಇಎಡಿ, ಅಂದರೆ ಕೆಲಸ ಮಾಡುವ ಅನುಮತಿ ಪತ್ರ, ಇನ್ನೂ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಬಿ.ಕಾಂ. ಆಗಿದೆ. ಇಲ್ಲಿನ ಕಮ್ಯುನಿಟಿ ಕಾಲೇಜಿಗೆ ಸೇರಿ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ ಓದಬೇಕೆಂದಿದ್ದೇನೆ. ತವರಿನವರದು ಹೋಟೆಲ್ ವ್ಯವಹಾರವೇ, ಆದ್ದರಿಂದ ಕೆಲಸ ಹೊಸದಲ್ಲ. ಇಲ್ಲಿನ ಓದಿನ ಏರ್ಪಾಡು ಮಾತ್ರ ತಲೆಗೆ ಹತ್ತುತ್ತಿಲ್ಲ.

ಎರಡು ವರ್ಷದ ಡಿಗ್ರಿ ಮಾಡಬೇಕೋ, ಸರ್ಟಿಫಿಕೇಟ್ ಸಾಕೋ? ಬಿ.ಕಾಂ. ಲೆಕ್ಕಕ್ಕೆ ಬರುತ್ತದೆಯೇ? ಇಂಟರ್ನ್‌ಶಿಪ್ ಕಡ್ಡಾಯ ಅಂತಾರೆ, ಎಚ್-4ನಲ್ಲಿ ಮಾಡಬಹುದೇ? ನಾವು ಸಸ್ಯಾಹಾರಿಗಳು, ಅಡುಗೆ ಲ್ಯಾಬಿನಲ್ಲಿ ಮಾಂಸ ಮುಟ್ಟಲೇಬೇಕೇ? ಕೊನೆಯದು ನಮ್ಮಕ್ಕನ ಮಗನ ವಿಷಯ. ಕುಂದಾಪುರದಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾನೆ, ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇದೇ ಕೋರ್ಸಿಗೆ ಬರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಕಳಿಸಬಹುದೇ?

ತುಂಗಾತೀರ:

ಮೊದಲು ಡಿಗ್ರಿಯ ಹೆಸರು ಸರಿಯಾಗಿ ಓದಿ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಎಂದರೆ ಸಾಮಾನ್ಯವಾಗಿ 60 ಕ್ರೆಡಿಟ್. ವಿಷಯಕ್ಕೆ 3 ಕ್ರೆಡಿಟ್‌ನಂತೆ ಸುಮಾರು 20 ವಿಷಯ. ಇದರಲ್ಲಿ ಎ.ಎ., ಎ.ಎಸ್., ಎ.ಎ.ಎಸ್. ಎಂದು ಬಗೆಗಳಿವೆ, ದುಡ್ಡು ಹೋಗುವುದು ಇಲ್ಲಿಯೇ. ಫ್ಲೋರಿಡಾದಲ್ಲಿ ಎ.ಎ. ಎನ್ನುವುದು ಮುಂದೆ ಯೂನಿವರ್ಸಿಟಿಗೆ ಹೋಗುವವರ ಡಿಗ್ರಿ: 60ರಲ್ಲಿ 36 ಕ್ರೆಡಿಟ್ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜದಂಥ ಸಾಮಾನ್ಯ ವಿಷಯಗಳು. ಎ.ಎಸ್. ಕೆಲಸಕ್ಕೆ ಹೋಗುವವರದ್ದು, ಅದರಲ್ಲಿ ಹೋಟೆಲ್ ವಿಷಯಗಳೇ ಜಾಸ್ತಿ. ಬೇರೆ ರಾಜ್ಯಗಳಲ್ಲಿ ಈ ಕೆಲಸದ ಡಿಗ್ರಿಗೆ ಹೆಚ್ಚಾಗಿ ಎ.ಎ.ಎಸ್. ಎನ್ನುತ್ತಾರೆ.

ಮುಂದೆ ಬ್ಯಾಚುಲರ್ಸ್ ಮಾಡುವ ಯೋಚನೆ ಇದ್ದವರು ಎ.ಎ.ಎಸ್. ಮುಗಿಸಿಕೊಂಡು ಹೋದರೆ ಏನಾಗುತ್ತದೆ ಗೊತ್ತೇ? ಯೂನಿವರ್ಸಿಟಿ ಕ್ರೆಡಿಟ್ ಒಪ್ಪಿಕೊಳ್ಳುತ್ತದೆ, ಆದರೆ ಬರೀ ಐಚ್ಛಿಕ ವಿಷಯ ಎಂದು ಬರೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಫ್ರಂಟ್ ಆಫೀಸ್ ಓದಿದ್ದೀರಿ, ಆ 3 ಕ್ರೆಡಿಟ್ ಬಂತು. ಆದರೂ ಅಲ್ಲಿನ ಫ್ರಂಟ್ ಆಫೀಸ್ ವಿಷಯವನ್ನು ಮತ್ತೆ ದುಡ್ಡು ಕೊಟ್ಟು ಓದಬೇಕು. ಅದಕ್ಕೇ ‘ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತದೆಯೇ’ ಎಂದು ಕೇಳಬೇಡಿ, ಎಲ್ಲರೂ ‘ಹೌದು’ ಎಂದೇ ಹೇಳುತ್ತಾರೆ. ‘ಈ ಕೋರ್ಸ್ ಸಂಖ್ಯೆ ನಿಮ್ಮಲ್ಲಿ ಯಾವ ಕೋರ್ಸಿನ ಬದಲಿಗೆ ನಿಲ್ಲುತ್ತದೆ’ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ. ಎರಡು ಸಂಸ್ಥೆಗಳ ನಡುವೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಈ ಪಟ್ಟಿ ಇರುತ್ತದೆ.

ನಿಮ್ಮೂರಿನ ವೆಲೆನ್ಸಿಯಾ ಕಾಲೇಜು ಮತ್ತು ಯುಸಿಎಫ್ (ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲೋರಿಡಾ) ನಡುವೆ ಡೈರೆಕ್ಟ್‌ಕನೆಕ್ಟ್ ಎಂಬ ಇಂಥ ಏರ್ಪಾಡಿದೆ. ಯುಸಿಎಫ್‌ನ ರೋಸನ್ ಕಾಲೇಜು ಹಾಸ್ಪಿಟಾಲಿಟಿಗೆಂದೇ ಇರುವುದು, ಮುಖ್ಯ ಕ್ಯಾಂಪಸ್ಸಿನಿಂದ ದೂರ, ಪ್ರವಾಸಿ ಹೋಟೆಲುಗಳಿರುವ ಭಾಗದಲ್ಲೇ ಇದೆ. ಅಂದಹಾಗೆ ಫ್ಲೋರಿಡಾದ ಹಲವು ಕಾಲೇಜುಗಳು ಹೆಸರಿನಿಂದ ‘ಕಮ್ಯುನಿಟಿ’ ಶಬ್ದ ತೆಗೆದಿವೆ. ಹೆಸರು ನೋಡಿ ಇದು ಬೇರೆ ಬಗೆಯ ಕಾಲೇಜೆಂದು ಬಿಟ್ಟುಬಿಡಬೇಡಿ.

ನಿಮ್ಮ ಮಟ್ಟಿಗೆ, ಬಿ.ಕಾಂ. ಕೈಯಲ್ಲಿರುವಾಗ 60 ಕ್ರೆಡಿಟ್ ಪೂರ್ತಿ ಮಾಡುವ ಅಗತ್ಯ ಕಾಣುವುದಿಲ್ಲ. ಅಂಕಪಟ್ಟಿಗಳಿಗೆ ವಿಷಯವಾರು ಮೌಲ್ಯಮಾಪನ ಮಾಡಿಸಿ. ಒಟ್ಟಾರೆ ‘ಡಿಗ್ರಿ ಸಮಾನ’ ಎನ್ನುವ ಅಗ್ಗದ ವರದಿ ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯ ವಿಷಯಗಳಲ್ಲಿ ಬಹಳಷ್ಟನ್ನು ಮತ್ತು ಅಕೌಂಟಿಂಗ್ ಅನ್ನು ಮತ್ತೆ ಓದುವುದು ತಪ್ಪುವ ಸಾಧ್ಯತೆ ಇದೆ. ಉಳಿದದ್ದು 18ರಿಂದ 30 ಕ್ರೆಡಿಟ್ಟಿನ ಸರ್ಟಿಫಿಕೇಟ್. ಹೋಟೆಲಿನವರು ನೋಡುವುದು ಆ ವಿಷಯಗಳನ್ನು ಮತ್ತು ನಿಮ್ಮ ಡಿಗ್ರಿಯನ್ನು.

ಶುಲ್ಕದ ಬಗ್ಗೆ ಒಂದು ಮಾತು. ರಾಜ್ಯದ ನಿವಾಸಿಗೂ ಹೊರಗಿನವರಿಗೂ ಕ್ರೆಡಿಟ್ ದರ ಮೂರು-ನಾಲ್ಕು ಪಟ್ಟು ವ್ಯತ್ಯಾಸ. ಫ್ಲೋರಿಡಾದಲ್ಲಿ ಸೆಮಿಸ್ಟರ್ ಶುರುವಾಗುವ ದಿನಕ್ಕೆ 12 ತಿಂಗಳ ಹಿಂದಿನಿಂದ ಇಲ್ಲಿದ್ದೀರಿ ಎಂಬ ದಾಖಲೆ ಬೇಕು: ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ಗಾಡಿಯ ನೋಂದಣಿ. ಎಚ್-4ನವರ ಅರ್ಜಿ ಸಿಕ್ಕಿಕೊಳ್ಳುವುದು ಎಲ್ಲ ಕಾಗದ ಯಜಮಾನರ ಹೆಸರಿನಲ್ಲೇ ಇದ್ದಾಗ. ಮದುವೆ ಪ್ರಮಾಣಪತ್ರ, ಅವರ ಎಚ್-1ಬಿ ಅನುಮೋದನೆ ಪತ್ರ ಎರಡನ್ನೂ ಜೊತೆಗಿಡಿ, ಮುಂದಿನ ಕರಾರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಿ.

ರಾತ್ರಿಪಾಳಿ:

ಇಂಟರ್ನ್‌ಶಿಪ್ ವಿಷಯ ನೇರವಾಗಿ ಹೇಳುತ್ತೇನೆ. ಎಚ್-4ನಲ್ಲಿ ಓದಲು ಯಾವ ತಡೆಯೂ ಇಲ್ಲ, ಎಫ್-1ಗೆ ಬದಲಾಗಬೇಕಿಲ್ಲ, ಅರ್ಧಕಾಲಿಕವಾಗಿಯೂ ಓದಬಹುದು. ಆದರೆ ಇಎಡಿ ಇಲ್ಲದೆ ದುಡಿಯುವ ಹಾಗಿಲ್ಲ. ‘ಸಂಬಳ ಬೇಡ, ಸುಮ್ಮನೆ ಕಲಿಯಲು ಬರುತ್ತೇನೆ’ ಎಂದರೂ ಬಿಡುಗಡೆ ಇಲ್ಲ. ಹೋಟೆಲು ಲಾಭಕ್ಕೆ ನಡೆಯುವ ವ್ಯವಹಾರ, ಅಲ್ಲಿ ನೌಕರರು ಮಾಡುವ ಕೆಲಸವನ್ನೇ ಮಾಡಿದರೆ ಪುಕ್ಕಟೆಯಾದರೂ ಅದು ಕೆಲಸವೇ. ಎಫ್-1ನವರಿಗಿರುವ ಸಿಪಿಟಿ, ಅಂದರೆ ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ, ಎಚ್-4ಗೆ ಇಲ್ಲ.

ಸೇರುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ: ಇಂಟರ್ನ್‌ಶಿಪ್ ಬದಲಿಗೆ ಬೇರೆ ಕೋರ್ಸ್ ಅಥವಾ ಪ್ರಾಜೆಕ್ಟ್ ತೆಗೆದುಕೊಳ್ಳಬಹುದೇ, ಕಾಲೇಜಿನದೇ ತರಬೇತಿ ರೆಸ್ಟೊರೆಂಟ್‌ನಲ್ಲಿ ತರಗತಿಯ ಭಾಗವಾಗಿ ಆ ಗಂಟೆಗಳನ್ನು ತುಂಬಬಹುದೇ ಎಂದು. ಎಷ್ಟೋ ಕಡೆ ಸರ್ಟಿಫಿಕೇಟಿಗೆ ಇಂಟರ್ನ್‌ಶಿಪ್ ಇರುವುದೇ ಇಲ್ಲ, ಡಿಗ್ರಿಗೆ ಮಾತ್ರ. ಯಜಮಾನರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಇಎಡಿಗೆ ಅರ್ಜಿ ಹಾಕಿ, ಇಂಟರ್ನ್‌ಶಿಪ್ಪನ್ನು ಕೊನೆಯ ಸೆಮಿಸ್ಟರಿಗೆ ಇಟ್ಟುಕೊಳ್ಳಿ.

ಇನ್ನು ಓದು. ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ ಅಂದರೆ ಅಡುಗೆ ಕೋರ್ಸ್ ಅಂತ ಊರಿನಲ್ಲಿ ತಿಳಿದುಕೊಂಡಿರುತ್ತಾರೆ. ಮುಕ್ಕಾಲು ಪಾಲು ಲೆಕ್ಕ, ಬಿ.ಕಾಂ. ಆದವರಿಗೆ ಇದು ಸುಲಭದ ದಾರಿ. 100 ಕೋಣೆಯ ಹೋಟೆಲು, ಇವತ್ತು 75 ಕೋಣೆ ಹೋಗಿವೆ, ಕೋಣೆಗಳಿಂದ ಬಂದದ್ದು 9,000 ಡಾಲರ್. ಭರ್ತಿ 75 ಶೇಕಡಾ. 9,000ವನ್ನು 75ರಿಂದ ಭಾಗಿಸಿದರೆ ಸರಾಸರಿ ದರ 120, ಇದು ಎಡಿಆರ್. ಅದೇ 9,000ವನ್ನು ಇರುವ 100 ಕೋಣೆಗಳಿಗೂ ಹಂಚಿದರೆ 90, ಇದು ರೆವ್‌ಪಾರ್. ಈಗ ಮ್ಯಾನೇಜರ್ ದರ ಇಳಿಸಿ 100 ಡಾಲರ್ ಮಾಡುತ್ತಾನೆ, 85 ಕೋಣೆ ಹೋಗುತ್ತವೆ. ಲಾಬಿ ತುಂಬಿ ತುಳುಕುತ್ತದೆ, ಎಲ್ಲರಿಗೂ ಖುಷಿ. ಬಂದದ್ದು 8,500, ರೆವ್‌ಪಾರ್ 85ಕ್ಕೆ ಇಳಿಯಿತು. ಮೇಲಾಗಿ 10 ಕೋಣೆ ಹೆಚ್ಚಿಗೆ ಗುಡಿಸಬೇಕು. ಕೋಣೆಗೆ ಅರ್ಧ ಗಂಟೆ ಹಿಡಿದರೂ 5 ಗಂಟೆಯ ಕೂಲಿ, ಜೊತೆಗೆ ಲಾಂಡ್ರಿ, ಸೋಪು, ತಿಂಡಿ. ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಈ ಲೆಕ್ಕ ತಿರುತಿರುಗಿ ಬರುತ್ತದೆ. ತಪ್ಪುವ ಜಾಗವೂ ಒಂದೇ: ನಲ್ಲಿ ಕೆಟ್ಟು ಒಂದೆರಡು ದಿನ ಮುಚ್ಚಿದ ಕೋಣೆಯನ್ನು ‘ಇರುವ ಕೋಣೆ’ಗಳಿಂದ ಕಳೆದುಬಿಡುವುದು. ಹಾಗೆ ಮಾಡಿದರೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ ಅಷ್ಟೆ, ಹೋಟೆಲುಗಳ ಲೆಕ್ಕಪದ್ಧತಿ ಅದನ್ನು ಒಪ್ಪುವುದಿಲ್ಲ.

ಆ ಪದ್ಧತಿಯ ಹೆಸರು ಯುಎಸ್ಎಎಲ್ಐ (ಯೂನಿಫಾರ್ಮ್ ಸಿಸ್ಟಮ್ ಆಫ್ ಅಕೌಂಟ್ಸ್ ಫಾರ್ ದ ಲಾಡ್ಜಿಂಗ್ ಇಂಡಸ್ಟ್ರಿ). ಕೋಣೆ, ಊಟ-ಪಾನೀಯ ಇವು ಒಂದೊಂದಕ್ಕೂ ಬೇರೆ ಆದಾಯ, ಬೇರೆ ಖರ್ಚು. ಆಡಳಿತ, ಮಾರಾಟ, ದುರಸ್ತಿ, ಕರೆಂಟು-ನೀರು ಇವನ್ನು ಯಾವ ವಿಭಾಗಕ್ಕೂ ಹಂಚದೆ ಕೆಳಗೆ ಕಳೆಯುತ್ತಾರೆ. ಬಿ.ಕಾಂ.ನ ವಿಭಾಗವಾರು ಲೆಕ್ಕಪತ್ರ ಮಾಡಿದವರಿಗೆ ಒಂದು ವಾರದಲ್ಲಿ ಹಿಡಿತಕ್ಕೆ ಬರುತ್ತದೆ.

ನೈಟ್ ಆಡಿಟ್ ಅನ್ನು ಮಾತ್ರ ಗಮನವಿಟ್ಟು ಕಲಿಯಿರಿ. ಕೋಣೆ ಬಾಡಿಗೆ ಮತ್ತು ತೆರಿಗೆ ಏರಿಸುವುದು, ಬಾರದವರ ಬುಕಿಂಗ್ ತೀರ್ಮಾನ ಮಾಡುವುದು, ಕಾರ್ಡ್ ಮೊತ್ತ ತಾಳೆ ನೋಡುವುದು, ಕೊನೆಗೆ ತಾರೀಖು ಬದಲಿಸುವುದು. ತಾರೀಖು ಬದಲಾದ ಮೇಲೆ ಹಿಂದಿನ ದಿನದ ತಪ್ಪನ್ನು ಅಳಿಸಲು ಬರುವುದಿಲ್ಲ, ಹೊಂದಾಣಿಕೆಯ ನಮೂದು ಹಾಕಬೇಕಾಗುತ್ತದೆ. ಅದಕ್ಕೂ ಮುಂಚೆ ಹೌಸ್‌ಕೀಪಿಂಗ್ ಪಟ್ಟಿಯನ್ನು ಕಂಪ್ಯೂಟರ್ ಪಟ್ಟಿಗೆ ಹೋಲಿಸಿ. ಕಂಪ್ಯೂಟರ್ ‘ಜನ ಇದ್ದಾರೆ’ ಅನ್ನುತ್ತಿದ್ದು ಕೋಣೆ ಖಾಲಿ ಇದ್ದರೆ, ಗಿರಾಕಿ ದುಡ್ಡು ಕೊಡದೆ ಹೋಗಿರಬಹುದು, ಅಥವಾ ಕೊಟ್ಟು ಹೋದವರನ್ನು ಡೆಸ್ಕಿನವರು ಚೆಕ್ಔಟ್ ಮಾಡಿಲ್ಲ. ಎರಡನೆಯದಾದರೆ ಮಾರಬಹುದಾಗಿದ್ದ ಕೋಣೆ ರಾತ್ರಿಯಿಡೀ ಖಾಲಿ ಬಿದ್ದಂತೆ.

ಹಿತ್ತಲಮನೆ:

ಅಡುಗೆ ಲ್ಯಾಬಿಗೆ ನಾನು ಉತ್ತರಿಸುತ್ತೇನೆ. ಕಲಿನರಿ (ಅಡುಗೆ) ವಿಭಾಗಕ್ಕೆ ಸೇರಿದರೆ ಕೋಳಿ ಕತ್ತರಿಸುವುದು, ಮೂಳೆ ಬೇಯಿಸಿ ಸ್ಟಾಕ್ ಕುದಿಸುವುದು ಮೊದಲ ಸೆಮಿಸ್ಟರಿನಲ್ಲೇ ಬರುತ್ತದೆ, ಅದಕ್ಕೆ ಅಂಕವೂ ಇದೆ. ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಸಾಮಾನ್ಯವಾಗಿ ಅಡುಗೆಯ ಒಂದೆರಡು ವಿಷಯ ಮಾತ್ರ. ಲಾಡ್ಜಿಂಗ್ ಅಥವಾ ಈವೆಂಟ್ ಸರ್ಟಿಫಿಕೇಟ್ ಆದರೆ ಅದೂ ಇರುವುದಿಲ್ಲ. ಸೆಮಿಸ್ಟರ್ ಶುರುವಾಗುವ ಮೊದಲೇ ಅಧ್ಯಾಪಕರಿಗೆ ತಿಳಿಸಿ. ಗುಂಪಿನಲ್ಲಿ ಮಾಡುವ ಕೆಲಸವಾದ್ದರಿಂದ ತರಕಾರಿ, ಸಾಸ್, ಬೇಕಿಂಗ್ ಭಾಗ ನಿಮಗೆ ಬಿಡಬಹುದು. ರುಚಿ ನೋಡಲೇಬೇಕು ಅನ್ನುವ ಕಡೆ ಬದಲಿ ಪದಾರ್ಥ ಕೇಳಬಹುದು. ಆದರೆ ಮಾಂಸದ ತಾಪಮಾನ, ಫ್ರಿಜ್‌ನಲ್ಲಿ ಇಡುವ ಕ್ರಮ ಇವನ್ನು ಓದದೆ ಗತಿಯಿಲ್ಲ: ತಿನ್ನಲು ಸಿದ್ಧವಾದದ್ದು ಎಲ್ಲಕ್ಕಿಂತ ಮೇಲೆ, ಕೆಳಗೆ ಮೀನು, ಅದರ ಕೆಳಗೆ ಇಡೀ ಮಾಂಸ, ಆಮೇಲೆ ಕೊಚ್ಚಿದ ಮಾಂಸ, ತಳದಲ್ಲಿ ಕೋಳಿ. ಬೇಯಬೇಕಾದ ತಾಪಮಾನ ಕೆಳಕೆಳಗೆ ಹೋದಂತೆ ಏರುತ್ತದೆ. ಸೋರಿದರೂ ಕಡಿಮೆ ಬೇಯಿಸುವುದರ ಮೇಲೆ ಬೀಳಬಾರದು, ಅದಕ್ಕೆ ಈ ಕ್ರಮ.

ಇದೆಲ್ಲ ಸರ್ವ್‌ಸೇಫ್ ಮ್ಯಾನೇಜರ್ ಎಂಬ ಆಹಾರ ಸುರಕ್ಷತೆಯ ಪರೀಕ್ಷೆಗೆ. 90 ಪ್ರಶ್ನೆ, 70 ಶೇಕಡಾ ಬಂದರೆ ಪಾಸ್, ಸರ್ಟಿಫಿಕೇಟಿಗೆ 5 ವರ್ಷ ಆಯುಸ್ಸು. ಕಾಲೇಜಿನ ಸ್ಯಾನಿಟೇಶನ್ ವಿಷಯದ ಕೊನೆಯಲ್ಲಿ ಇದನ್ನೇ ಬರೆಸುವ ಕಡೆ ಬೇರೆ ಫೀಸು ಕಟ್ಟಬೇಡಿ.

ನಮ್ಮವರು ಅಂಕ ಕಳೆದುಕೊಳ್ಳುವುದು ಅಲರ್ಜಿಯ ಪ್ರಶ್ನೆಗಳಲ್ಲಿ. ಕಾನೂನಿನಲ್ಲಿರುವ ಮುಖ್ಯ ಅಲರ್ಜಿ ಪದಾರ್ಥಗಳು ಒಂಬತ್ತು. 2023ರಿಂದ ಎಳ್ಳೂ ಸೇರಿದೆ. ತುಪ್ಪ ಅಂದರೆ ಹಾಲು, ಗೋಡಂಬಿ ಅಂದರೆ ಟ್ರೀ ನಟ್ (ಮರದಲ್ಲಿ ಬಿಡುವ ಬೀಜ). ಇನ್ನು ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಬೆರೆತಿರುತ್ತದೆ. ‘ಸಾರಿನಲ್ಲಿ ಗೋಧಿ ಇಲ್ಲ’ ಎಂದು ಗಿರಾಕಿಗೆ ಹೇಳುವ ಮೊದಲು ಇಂಗಿನ ಡಬ್ಬಿ ತಿರುಗಿಸಿ ಓದಬೇಕು.

ಸೌಪರ್ಣಿಕಾ:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಉಪಕಾರವಾಯಿತು. ಒಂದು ಸಂಶಯ. ಬಿಸಿ ಅಡುಗೆಯನ್ನು ಆರಿಸುವ, ಅಂದರೆ ತಣ್ಣಗಾಗಿಸುವ ನಿಯಮದ ಬಗ್ಗೆ ಕಾಲೇಜಿನ ಪಠ್ಯಕ್ರಮದಲ್ಲಿ ಇಡೀ ಒಂದು ಅಧ್ಯಾಯ ಇದೆ. ಊರಿನ ಹೋಟೆಲಿನಲ್ಲಿ ಸಾಂಬಾರು ಒಲೆಯ ಮೇಲೇ ಆರುತ್ತದೆ. ಇಲ್ಲಿ ಅದಕ್ಕೇಕೆ ಅಷ್ಟು ಮಹತ್ವ? ಹಾಗೇ ಫುಡ್ ಕಾಸ್ಟ್ ಲೆಕ್ಕ ಹೇಗೆ ಹಾಕಿಸುತ್ತಾರೆ?

ಹಿತ್ತಲಮನೆ:

ಊರಿನ ಹೋಟೆಲಿನಲ್ಲಿ ಸಾಂಬಾರು ಆರುವ ಮುಂಚೆ ಖರ್ಚಾಗುತ್ತದೆ, ಮಧ್ಯಾಹ್ನಕ್ಕೆ ಬೇರೆ ಹಂಡೆ ಏರುತ್ತದೆ. ಇಲ್ಲಿ ಇವತ್ತು ಮಾಡಿ ಮೂರು ದಿನ ಬಡಿಸುತ್ತಾರೆ, ಅಪಾಯ ಆ ನಡುವಿನದು. 41ರಿಂದ 135 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಮ್ಮ ಅಳತೆಯಲ್ಲಿ 5ರಿಂದ 57 ಸೆಲ್ಸಿಯಸ್. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್, ಬೇಳೆ-ಮಾಂಸದ ದಪ್ಪ ಅಡುಗೆಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇವುಗಳ ಬೀಜಾಣು ಕುದಿಸಿದರೂ ಸಾಯುವುದಿಲ್ಲ, ನಿಧಾನವಾಗಿ ಆರುವಾಗ ಎಚ್ಚೆತ್ತುಕೊಳ್ಳುತ್ತವೆ. ಬ್ಯಾಸಿಲಸ್ ಅನ್ನದಲ್ಲಿ ಬಿಟ್ಟ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ‘ಬೆಳಿಗ್ಗೆ ಚಿತ್ರಾನ್ನಕ್ಕಾಯಿತು’ ಎಂದು ರಾತ್ರಿ ಹೊರಗಿಟ್ಟ ಅನ್ನ ಇಲ್ಲಿ ನೇರ ಕಸದ ಬುಟ್ಟಿಗೆ.

ನಿಯಮ ಎರಡು ಹಂತದ್ದು. 135ರಿಂದ 70ಕ್ಕೆ 2 ಗಂಟೆಯೊಳಗೆ ಇಳಿಯಬೇಕು, ಒಟ್ಟು 6 ಗಂಟೆಯೊಳಗೆ 41 ಮುಟ್ಟಬೇಕು. ಮೊದಲ ಹಂತ ಒಂದೇ ಗಂಟೆಯಲ್ಲಿ ಮುಗಿದರೆ ಉಳಿದದ್ದಕ್ಕೆ 5 ಗಂಟೆ ಸಿಗುತ್ತದೆ. 2 ಗಂಟೆಗೂ 70ಕ್ಕೆ ಬರಲಿಲ್ಲವೆಂದರೆ 165ಕ್ಕೆ ಮತ್ತೆ ಕಾಯಿಸಿ ಹೊಸದಾಗಿ ಆರಿಸಿ, ಇಲ್ಲವೇ ಚೆಲ್ಲಿ. 5 ಗ್ಯಾಲನ್ ಸಾಂಬಾರನ್ನು ಪಾತ್ರೆ ಸಮೇತ ಫ್ರಿಜ್‌ಗೆ ತಳ್ಳಿದರೆ ಹೊರಗಡೆ ತಣ್ಣಗಾಗಿ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದ ಹಾಲು-ಮೊಸರೂ ಬಿಸಿಯಾಗುತ್ತದೆ. ಅಗಲ ಟ್ರೇಗಳಿಗೆ 2 ಇಂಚು ಎತ್ತರಕ್ಕೆ ಸುರಿಯಿರಿ, ಐಸ್ ನೀರಿನ ತೊಟ್ಟಿಯಲ್ಲಿಟ್ಟು ಕೈಯಾಡಿಸಿ. ನೀರು ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಕೋಲು ಸಿಗುತ್ತದೆ, ಅದರಲ್ಲಿ ತಿರುವಿದರೆ ಇನ್ನೂ ಬೇಗ. 70 ದಾಟುವವರೆಗೆ ಮುಚ್ಚಳ ಬಿಗಿಯಬೇಡಿ. ಹೊತ್ತು ಮತ್ತು ತಾಪಮಾನ ಎರಡನ್ನೂ ಹಾಳೆಯಲ್ಲಿ ಬರೆಯಿರಿ, ಲ್ಯಾಬಿನಲ್ಲಿ ಆ ಹಾಳೆಗೇ ಅಂಕ.

ಥರ್ಮಾಮೀಟರ್ ಸುಳ್ಳು ಹೇಳಿದರೆ ಇದೆಲ್ಲ ವ್ಯರ್ಥ. ಲೋಟದ ತುಂಬ ಪುಡಿ ಐಸು ಹಾಕಿ ಸಂದು ತುಂಬುವಷ್ಟು ನೀರು ಹೊಯ್ದು, ಕಡ್ಡಿಯನ್ನು ತಳ-ಅಂಚು ತಾಗದಂತೆ ಇಳಿಸಿ, ಮುಳ್ಳು ನಿಲ್ಲುವವರೆಗೆ ಕಾಯಿರಿ. 32 ತೋರಿಸಬೇಕು. ಇಲ್ಲದಿದ್ದರೆ ಡಯಲ್ ಹಿಂದಿನ ನಟ್ ತಿರುಗಿಸಿ 32ಕ್ಕೆ ತನ್ನಿ. ನೀರು ಜಾಸ್ತಿ ಐಸು ಕಡಿಮೆ ಆದರೆ ಈ ಪರೀಕ್ಷೆಯೇ ತಪ್ಪು.

ಇನ್ನು ಫುಡ್ ಕಾಸ್ಟ್. 10 ಪೌಂಡ್ ಈರುಳ್ಳಿ 9 ಡಾಲರ್. ಸಿಪ್ಪೆ, ಬುಡ ತೆಗೆದ ಮೇಲೆ ತೂಗಿದರೆ 9 ಪೌಂಡ್ ಉಳಿಯಿತು ಎನ್ನೋಣ. ಕೊಂಡ ಬೆಲೆ ಪೌಂಡಿಗೆ 90 ಸೆಂಟ್, ಬಳಸುವ ಬೆಲೆ 1 ಡಾಲರ್. ತಟ್ಟೆಗೆ 4 ಔನ್ಸ್ ಹೋದರೆ 25 ಸೆಂಟ್. ಹೀಗೆ ಎಣ್ಣೆ, ಒಗ್ಗರಣೆಯವರೆಗೆ ಎಲ್ಲ ಕೂಡಿಸಿ ತಟ್ಟೆಗೆ 4.20 ಬಂತು, ಫುಡ್ ಕಾಸ್ಟ್ 30 ಶೇಕಡಾ ಇರಬೇಕು ಅಂದರೆ 4.20ನ್ನು 0.30ರಿಂದ ಭಾಗಿಸಿ: ಮಾರುವ ಬೆಲೆ 14 ಡಾಲರ್. ಹೊಸಬರು ಕೊಂಡ ಬೆಲೆಯಲ್ಲೇ ಲೆಕ್ಕ ಹಾಕಿ ಕೆಳಗೆ ಬೀಳುತ್ತಾರೆ. ಇನ್ನೊಂದು ತಪ್ಪು, ತೂಕದ ಔನ್ಸನ್ನೂ ಅಳತೆಯ ಔನ್ಸನ್ನೂ ಒಂದೇ ಎಂದುಕೊಳ್ಳುವುದು. ಒಂದು ಕಪ್ ನೀರು ತೂಕದಲ್ಲೂ ಹೆಚ್ಚುಕಡಿಮೆ 8 ಔನ್ಸ್, ಆದರೆ ಒಂದು ಕಪ್ ಮೈದಾ ನಾಲ್ಕೂಕಾಲರ ಆಸುಪಾಸು.

ಕಾಗದದ ಲೆಕ್ಕ ಸರಿಯಿದ್ದೂ ತಿಂಗಳ ಕೊನೆಗೆ ನಷ್ಟ ಬಂದರೆ ಮೊದಲು ಸೌಟು ನೋಡಿ. 4 ಔನ್ಸ್ ಸೌಟಿನ ಜಾಗದಲ್ಲಿ 6 ಔನ್ಸಿನದು ಬಿದ್ದಿದ್ದರೆ 100 ತಟ್ಟೆಗೆ 200 ಔನ್ಸ್, ಅಂದರೆ ಒಂದೂವರೆ ಗ್ಯಾಲನ್‌ಗೂ ಹೆಚ್ಚು ಸಾಂಬಾರು ಪುಕ್ಕಟೆ ಹೋಯಿತು.

ಕಡಲಕರೆ:

ನಿಮ್ಮಕ್ಕನ ಮಗನ ವಿಷಯ. ಓದಿನ ಗುಣಮಟ್ಟದ ಪ್ರಶ್ನೆಯೇ ಇಲ್ಲ, ಮೇಲೆ ಬರೆದದ್ದನ್ನೆಲ್ಲ ಚೆನ್ನಾಗಿ ಕಲಿಸುತ್ತಾರೆ. ಗಂಟು ಇರುವುದು ವೀಸಾದಲ್ಲಿ. ಎಫ್-1ನವನು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು, ಆ ಲೆಕ್ಕದಲ್ಲಿ ಆನ್‌ಲೈನ್ ವಿಷಯ ಒಂದೇ ಒಂದು. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಕಾಲೇಜಿನ ಕ್ಯಾಂಟೀನೂ ಅದರಲ್ಲಿ ಬರುತ್ತದೆ. ಹೊರಗಿನ ಹೋಟೆಲಿನಲ್ಲಿ ಇಂಟರ್ನ್‌ಶಿಪ್ಪಿಗೆ ಸಿಪಿಟಿ ಬೇಕು, ಅದು ಸಿಗುವುದು ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿದ ಮೇಲೆ. ಕಾಲೇಜು ಕೊಡುವ ಐ-20 ಎಂಬ ವೀಸಾ ದಾಖಲೆಯಲ್ಲಿ ನಮೂದಾಗುವ ಮುಂಚೆ ಒಂದು ದಿನ ಕೆಲಸಕ್ಕೆ ಹೋದರೂ ವಿದ್ಯಾರ್ಥಿಯಾಗಿ ಇಲ್ಲಿರುವ ಸ್ಟೇಟಸ್ ಹೋಗುತ್ತದೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಹಂತದ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡುವ ತಾತ್ಕಾಲಿಕ ಅನುಮತಿ) ಕೈಬಿಡುತ್ತದೆ.

ಓದು ಮುಗಿದ ಮೇಲೆ ಒಪಿಟಿ 12 ತಿಂಗಳು. ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ, ಇಂಜಿನಿಯರಿಂಗ್ ಹುಡುಗರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಇಲ್ಲಿಲ್ಲ. ಬ್ಯಾಚುಲರ್ಸ್‌ಗೆ ಹೋದರೆ ಆ ಹಂತಕ್ಕೆ ಮತ್ತೆ 12 ತಿಂಗಳು ಇದೆ. ಅಸೋಸಿಯೇಟ್ ಡಿಗ್ರಿಯ ಬಲದ ಮೇಲೆ ಎಚ್-1ಬಿ ಸಿಗುವುದಿಲ್ಲ, ಕನಿಷ್ಠ ಬ್ಯಾಚುಲರ್ಸ್ ಬೇಕು. ಅದಿದ್ದರೂ ಹೋಟೆಲಿನ ಬಹಳಷ್ಟು ಹುದ್ದೆಗಳಿಗೆ ‘ಇದೇ ವಿಷಯದ ಡಿಗ್ರಿ ಕಡ್ಡಾಯ’ ಎಂದು ತೋರಿಸುವುದು ಕಷ್ಟ. ಓದಿ ಊರಿಗೆ ಮರಳಿ ವ್ಯವಹಾರ ನೋಡಿಕೊಳ್ಳುವುದಾದರೆ ಚೆನ್ನ. ಇಲ್ಲೇ ನೆಲೆಯೂರುವ ಲೆಕ್ಕದಲ್ಲಿ ಸಾಲ ಮಾಡಿ ಬರುವುದಾದರೆ ಬೇಡ.

ಹಾಗಾದರೆ ಕೆನಡಾ ಅನ್ನಬಹುದು. 2024ರ ನವೆಂಬರ್ 1ರಿಂದ ಅಲ್ಲಿ ಅರ್ಜಿ ಹಾಕುವ ಕಾಲೇಜು ಡಿಪ್ಲೊಮಾದವರಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಸಿಗಲು ವಿಷಯ ನಿಗದಿತ ಪಟ್ಟಿಯಲ್ಲಿರಬೇಕು. ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ ಅದರಲ್ಲಿಲ್ಲ. ಏಜೆಂಟರು ಈ ಮಾತನ್ನು ತಾವಾಗಿ ಎತ್ತುತ್ತಾರೆಂದು ಕಾಯಬೇಡಿ.

ಕುಂದಾಪುರದ ಹುಡುಗನಿಗೆ ಮಣಿಪಾಲದ ವೆಲ್ಕಮ್‌ಗ್ರೂಪ್ ಹೋಟೆಲ್ ಆಡಳಿತ ಕಾಲೇಜು ಪಕ್ಕದಲ್ಲೇ ಇದೆ. ಎನ್‌ಸಿಎಚ್‌ಎಂ ಜೆಇಇ ಎಂಬ ಹೋಟೆಲ್ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ಬರೆದರೆ ಬೆಂಗಳೂರಿನ ಐಎಚ್ಎಂ (ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್) ಇದೆ. ಅಲ್ಲಿ ಓದುತ್ತಿರುವಾಗ, ಅಥವಾ ಮುಗಿಸಿ 12 ತಿಂಗಳೊಳಗೆ, ಜೆ-1 ವಿನಿಮಯ ವೀಸಾದಲ್ಲಿ ಇಂಟರ್ನ್ ಆಗಿ ಅಮೆರಿಕದ ಹೋಟೆಲಿಗೆ 12 ತಿಂಗಳವರೆಗೆ ಬರಬಹುದು. ಸ್ಟೈಪೆಂಡೂ ಸಿಗುತ್ತದೆ, ಇಲ್ಲಿನ ಕೆಲಸದ ರೀತಿಯೂ ಗೊತ್ತಾಗುತ್ತದೆ. ಕಮ್ಯುನಿಟಿ ಕಾಲೇಜಿಗೆ ಹೊರರಾಜ್ಯದ ದರದಲ್ಲಿ ಎರಡು ವರ್ಷ ಕಟ್ಟುವುದಕ್ಕಿಂತ ಅವನಿಗೆ ಈ ದಾರಿಯೇ ಮೇಲು ಎಂದು ನನ್ನ ಗಟ್ಟಿ ಅಭಿಪ್ರಾಯ.

ತುಂಗಾತೀರ:

ಸೌಪರ್ಣಿಕಾ ಅವರೇ, ಆಗಸ್ಟ್‌ ಸೆಮಿಸ್ಟರಿಗೆ ಸೇರುವುದಾದರೆ ಟ್ರಾನ್ಸ್‌ಕ್ರಿಪ್ಟ್ ಕೆಲಸ ಇವತ್ತೇ ಶುರು ಮಾಡಿ. ನಿಮ್ಮ ಕೈಯಲ್ಲಿರುವ ಅಂಕಪಟ್ಟಿಯ ಜೆರಾಕ್ಸ್ ನಡೆಯುವುದಿಲ್ಲ. ವಿಶ್ವವಿದ್ಯಾಲಯವೇ ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಮೊಹರು ಒತ್ತಿ ಕೊಟ್ಟದ್ದು ಬೇಕು. ಮೈಸೂರಿನಲ್ಲಿ ಓಡಾಡುವವರು ಯಾರಾದರೂ ಇದ್ದರೆ ಅವರ ಹೆಸರಿಗೆ ಅಧಿಕಾರಪತ್ರ ಬರೆದುಕೊಡಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿದ್ದರೆ ಅದರ ದಾಖಲೆಯನ್ನೂ ಅರ್ಜಿಯೊಂದಿಗೇ ಲಗತ್ತಿಸಿ, ಇಲ್ಲವಾದರೆ ಎರಡು ಹೆಸರು ತಾಳೆಯಾಗುತ್ತಿಲ್ಲ ಎಂದು ಫೈಲು ಮೂಲೆಗೆ ಬೀಳುತ್ತದೆ. ಮತ್ತೆ, ಕೆಲವು ಹಾಸ್ಪಿಟಾಲಿಟಿ ವಿಷಯಗಳನ್ನು ಆಗಸ್ಟ್‌ನಲ್ಲಿ ಮಾತ್ರ, ಕೆಲವನ್ನು ಜನವರಿಯಲ್ಲಿ ಮಾತ್ರ ನಡೆಸುತ್ತಾರೆ. ಒಂದು ತಪ್ಪಿದರೆ ಅದನ್ನು ಆಧರಿಸಿದ ಮುಂದಿನ ವಿಷಯಕ್ಕೆ ಇಡೀ ವರ್ಷ ಕಾಯಬೇಕು. ಸಲಹೆಗಾರರನ್ನು ಭೇಟಿ ಮಾಡಿದಾಗ ಸರ್ಟಿಫಿಕೇಟ್ ಮುಗಿಯುವವರೆಗಿನ ಎಲ್ಲ ಸೆಮಿಸ್ಟರ್‌ಗಳ ಪಟ್ಟಿ ಬರೆಸಿಕೊಂಡೇ ಬನ್ನಿ.